ಉಸಿರಿನ ಗುರುತು

"ಅಲ್ಲಿ ಉಸಿರು ತಗೋಬೇಡಿ, ಅಶ್ವಿತಾ ಅವ್ರೇ. ಸ್ವರ ತುಂಡಾಗುತ್ತೆ."

ಅಶ್ವಿತಾ ತನ್ನ ಹಾಳೆಯನ್ನು ವೈಭವನ ಮೂಗಿನ ಮುಂದೆಯೇ ಹಿಡಿದಳು. ಸಾಲಿನ ಮೇಲೆ ಪೆನ್ಸಿಲ್ಲಿನ ಪುಟ್ಟ ಗುರುತಿತ್ತು. "ಇದು ಎಂತ ಹಾಗಾದ್ರೆ? ಮಿಥುನ್ ಹಾಕಿದ್ದು."

ವೈಭವ್ ಆ ಗುರುತನ್ನೇ ನೋಡಿದ. ಆ ಹೆಸರು ಬಂದರೆ ತಾಲೀಮಿನ ಕೋಣೆಯಲ್ಲಿ ಯಾರೂ ವಾದ ಮಾಡುತ್ತಿರಲಿಲ್ಲ.

ವಿಶ್ವವಿದ್ಯಾಲಯದ ಘಟಿಕೋತ್ಸವಕ್ಕೆಂದು ನಲವತ್ತು ಕಂಠಗಳಿಗೂ ಇಡೀ ಆರ್ಕೆಸ್ಟ್ರಾಗೂ ಈ ಕೃತಿ ಬರೆದವನು ಮಿಥುನ್. ಕೊನೆಯಲ್ಲಿ ವಾದ್ಯಗಳು ನಿಲ್ಲುತ್ತವೆ, ಮೇಳವೂ ನಿಲ್ಲುತ್ತದೆ. ಇಬ್ಬರು ಮಾತ್ರ ಒಂದೇ ಸ್ವರ ಹಿಡಿದಿರಬೇಕು. ಒಬ್ಬರು ಉಸಿರೆಳೆದುಕೊಳ್ಳುವಾಗ ಇನ್ನೊಬ್ಬರು ಸ್ವರ ಬಿಡುವಂತಿಲ್ಲ. ಆ ಇಬ್ಬರು ಅವನೂ ಅಶ್ವಿತಾಳೂ ಆಗಬೇಕಿತ್ತು. ದುರ್ಗಾಪೂಜೆಗೆ ಮುಂಚೆ ಬಂದ ಡೆಂಗಿ ಜ್ವರ ಆರೇ ದಿನದಲ್ಲಿ ಅವನನ್ನು ಕೊಂಡೊಯ್ದಿತು. ಈಗ ಆ ಜಾಗದಲ್ಲಿ ನಿಂತವನು ಡಮ್ ಡಮ್‌ನ ಬಾಡಿಗೆ ಮನೆಯಲ್ಲಿ ಅವನ ರೂಮ್‌ಮೇಟ್ ಆಗಿದ್ದ ವೈಭವ್.

"ಸರಿ, ಅಲ್ಲೇ ತಗೊಳ್ಳಿ. ನಾನು ಬಿಡಲ್ಲ."

"ಅವನೂ ಹಾಗೇ ಹೇಳಿದ್ದ, ಮಾರಾಯ್ರೆ."

ಸಂಜೆ ಗೇಟಿನ ಬಳಿ ಮಣ್ಣಿನ ಕುಡಿಕೆಯ ಚಹಾ ಕೊಡುತ್ತಾ ವೈಭವ್ ಕೇಳಿದ: "ನನ್ ದನಿ ಅಷ್ಟೊಂದು ಕೆಟ್ಟದಾಗಿದ್ಯಾ? ನಾನು ಹಾಡಿದ್ರೆ ಮುಖ ಗಂಟು ಹಾಕ್ತೀರಲ್ಲ."

"ಕೆಟ್ಟದಾಗಿಲ್ಲ. ಅದೇ ಕಷ್ಟ."

ಅವನು ನಕ್ಕ. ಅವಳಿಗೆ ನಗು ಬರಲಿಲ್ಲ. ಈ ದನಿ ರೂಢಿಯಾದರೆ ಮಿಥುನ್‌ನ ದನಿ ಮರೆತುಹೋಗುತ್ತದೆ ಎಂಬ ಭಯ. ಈ ದನಿಗಾಗಿ ತಾಲೀಮಿನ ಹೊತ್ತಿಗೆ ಮೊದಲೇ, ಮಧ್ಯಾಹ್ನ ಮೂರರಿಂದಲೇ ಕಾಯುತ್ತಿದ್ದೇನೆ ಎಂಬ ನಾಚಿಕೆ ಬೇರೆ.

ಘಟಿಕೋತ್ಸವದ ಬೆಳಿಗ್ಗೆ ಸಭಾಂಗಣ ತುಂಬ ಕಪ್ಪು ಗೌನುಗಳು. ವಾದ್ಯಗಳು ನಿಂತವು. ಮೇಳ ನಿಂತಿತು. ಗುರುತು ಬಂದಾಗ ಅಶ್ವಿತಾ ಉಸಿರೆಳೆದುಕೊಂಡಳು. ಪಕ್ಕದಲ್ಲಿ ಸ್ವರ ಅಲುಗಾಡದೆ, ಬೆಚ್ಚಗೆ ನಿಂತಿತ್ತು. ಅವಳು ಮತ್ತೆ ಅದರೊಳಗೆ ಸೇರಿಕೊಂಡಳು.

ಚಪ್ಪಾಳೆ ಮುಗಿದ ಮೇಲೆ ವರಾಂಡದಲ್ಲಿ ವೈಭವ್ ಸಿಕ್ಕ. ಕಣ್ಣು ಕೆಂಪಾಗಿತ್ತು.

"ಸಾರಿ ಕಣ್ರೀ. ನೀವು ಉಸಿರು ತಗೊಂಡಲ್ಲಿ ಅವನ ನೆನಪಾಗಿ ಗಂಟಲು ಕಟ್ಕೊಂಡ್ಬಿಡ್ತು. ನಾನು ಹಾಡ್ಲೇ ಇಲ್ಲ."

"ಸುಳ್ಳು. ಸ್ವರ ತುಂಡಾಗಲಿಲ್ಲ. ನಾನು ಕೇಳಿದ್ದೇನೆ."

"ನಾನೂ ಕೇಳಿದೆ," ಎಂದ ಅವನು, ಮೆಲ್ಲಗೆ.

ಆ ದನಿ ಯಾರದೆಂದು ಅವಳಿಗೆ ತಿಳಿಯಿತು. ಆದರೆ ಹೆದರಿಕೆ ಆಗಲಿಲ್ಲ. ಮಿಥುನ್ ಮಾತು ಉಳಿಸಿಕೊಂಡಿದ್ದ. ಇನ್ನು ಅವನನ್ನು ಇಲ್ಲಿ ಹಿಡಿದಿಡಬಾರದು, ಹೋಗಲು ಬಿಡಬೇಕು ಎನಿಸಿ ಅಳು ಬಂತು.

ಅವಳು ವೈಭವನ ಹಾಳೆ ಕಿತ್ತುಕೊಂಡು, ಅದೇ ಸಾಲಿನ ಮೇಲೆ ಪೆನ್ಸಿಲ್ಲಿನಿಂದ ಪುಟ್ಟ ಗುರುತು ಹಾಕಿದಳು.

"ಇನ್ನು ಮೇಲೆ ಇಲ್ಲಿ ನೀನು ಉಸಿರು ತಗೋ," ಎಂದಳು. "ನಾನು ಬಿಡುವುದಿಲ್ಲ."