ಕೊನೆಯ ಕಂಬದ ಕೆಂಪು ಸೆರಗು

ವನಜ ಹಳೆಯ ನೈಲಾನ್ ಸೀರೆಯ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಉದ್ದಕ್ಕೆ ಹರಿದಳು. ತುಂಡನ್ನು ಮಡಿಲಲ್ಲಿ ಮಡಚಿ, ಬಿದಿರು ತೂರುವಷ್ಟು ಜಾಗ ಬಿಟ್ಟು ಹೊಲಿಯತೊಡಗಿದಳು. ಎದುರಿಗೆ ಯತೀಶ್ ಬಿದಿರಿನ ಗಂಟು ಕೆತ್ತುತ್ತಿದ್ದ. ಕತ್ತಿಯ ಸದ್ದು ನಿಂತಾಗಲೆಲ್ಲ ಅವನು ತನ್ನನ್ನೇ ನೋಡುತ್ತಿದ್ದಾನೆಂದು ಅವಳಿಗೆ ತಲೆಯೆತ್ತದೆಯೇ ತಿಳಿಯುತ್ತಿತ್ತು.

ಹೊರಗೆ ಕಡಲು ಮೊರೆಯುತ್ತಿರಲಿಲ್ಲ, ಒಳಗಿಂದ ಗುದ್ದುತ್ತಿತ್ತು.

ಕೋಡಿ ಊರಿನಲ್ಲಿ ಹೊಳೆ ಕಡಲು ಸೇರುವ ಅಳಿವೆಯನ್ನು ಮಳೆಗಾಲದಲ್ಲಿ ನಂಬುವ ಹಾಗಿಲ್ಲ. ನಿನ್ನೆ ದೋಣಿ ಬಂದ ದಾರಿಯಲ್ಲಿ ಇಂದು ಮರಳ ದಿಬ್ಬ. ಅದಕ್ಕೇ ಯುವಕ ಮಂಡಲದ ಹುಡುಗರು ನೀರು ಆಳವಿರುವ ದಾರಿಯುದ್ದಕ್ಕೂ ಬಿದಿರು ನೆಟ್ಟು ಬಾವುಟ ಕಟ್ಟುತ್ತಿದ್ದರು. ಸಂಬಳದ ಕೆಲಸವಲ್ಲ. ಕಳೆದ ಮಳೆಗಾಲದಲ್ಲಿ ಮಂಡಲದ ಉಮಾನಾಥಣ್ಣ, "ಹೊಲ್ಗಿ ಬಪ್ಪೋರ್ ಯಾರಾರೂ ಇದ್ರಾ?" ಎಂದು ಬಾವುಟ ಹೊಲಿಯುವವರಿಗಾಗಿ ಮನೆಮನೆ ಕೇಳಿಕೊಂಡು ಬಂದಾಗ, ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಬಾಗಿಲ ಹಿಂದೆಯೇ ಬೆಳೆದ ವನಜ ಹೇಗೋ ಮುಂದೆ ಬಂದಿದ್ದಳು.

ಅಂದಿನಿಂದ ಅವಳ ಬದುಕು ಒಂದಿಷ್ಟು ಅಗಲವಾಯಿತು. ಮೀನು ಮಾರುವ ಕುಸುಮಾವತಕ್ಕ, "ಬಾವುಟದ್ ಹೆಣ್ಣೇ, ನಿನ್ ದೆಸಿಂದ ನಮ್ಮವ್ರ್ ಮನಿಗ್ ಬಂದ್ರ್ ಕಾಣ್" ಎಂದು ಬುಟ್ಟಿಯಿಂದ ಒಳ್ಳೊಳ್ಳೆಯ ಬಂಗುಡೆ ಆರಿಸಿ ಕೊಡುತ್ತಿದ್ದಳು. ಗಂಡಸರೆದುರು ಉಸಿರೆತ್ತದವಳು ಈಗ ದಡದಲ್ಲಿ ಅವರ ನಡುವೆಯೇ ನಿಂತು ದೋಣಿ ಕಾಯುತ್ತಿದ್ದಳು. ಯಾರದೇ ದೋಣಿ ಒಳಗೆ ಬರಲಿ, ತನ್ನದೇ ಬಂದಷ್ಟು ಖುಷಿ. ಅಂಥ ಖುಷಿ ಅವಳಿಗೆ ಶಾಲೆಯಲ್ಲೂ ಸಿಕ್ಕಿರಲಿಲ್ಲ, ಮನೆಯಲ್ಲೂ ಸಿಕ್ಕಿರಲಿಲ್ಲ.

ಯತೀಶ್ ಸಿಕ್ಕಿದ್ದೂ ಅಲ್ಲೇ. ನೀರಿಗಿಳಿಯುವ ಮುಂಚೆ ಅಂಗಿ, ಮೊಬೈಲು ಅವಳ ಕೈಗೆ ಕೊಡುತ್ತಿದ್ದ. ಕಂಬ ನಿಂತ ಮೇಲೆ ನೆಟ್ಟವನು ಅಲ್ಲಿಂದ ಕೈ ಎತ್ತಬೇಕು, ದಡದವರು ಬಟ್ಟೆ ಬೀಸಬೇಕು. ಅದು ಮಂಡಲದ ಕ್ರಮ. ಇವನು ಮಾತ್ರ ಅವಳು ನಗುವ ತನಕ ಕೈ ಇಳಿಸುತ್ತಿರಲಿಲ್ಲ.

"ಹ್ವಾಯ್, ನಾ ಮೊನ್ನೆ ಕೇಂಡದ್ದಕ್ಕ್ ಉತ್ರ ಎಂತ?" ಯತೀಶ್ ಕತ್ತಿ ಕೆಳಗಿಟ್ಟ.

"ಎಂತ ಕೇಂಡದ್ದ್?"

"ಮರ್ತೇ ಹೋಯ್ತಾ ಮಾರಾಯ್ತಿ! ಮನಿಗ್ ಬತ್ಯಾ ಅಂದೆ. ಚಾ ಕುಡುಕೆ ಅಲ್ಲ, ಒಟ್ಟಿಗ್ ಇಪ್ಪುಕೆ."

ಸೂಜಿ ಬೆರಳಿಗೆ ಚುಚ್ಚಿತು. ವನಜ ಬೆರಳು ಬಾಯಿಗಿಟ್ಟುಕೊಂಡಳು.

"ಬಾಯ್ ಇತ್ತಾ ಇಲ್ಯಾ ನಿಂಗೆ?"

"ಇತ್ತ್. ನಿಮ್ಮಷ್ಟ್ ದೊಡ್ದಿಲ್ಲ."

ಅವನು ಬಿದ್ದು ಬಿದ್ದು ನಕ್ಕ. ಆಮೇಲೆ ದನಿ ತಗ್ಗಿಸಿ, "ಹೇಳುಕ್ ನಾಚ್ಕಿ ಆರೆ ಬ್ಯಾಡ. ಕೊನಿ ಕಂಬಕ್ಕ್ ನಿನ್ ಸೀರೆದೇ ಒಂದ್ ತುಂಡ್ ಕಟ್ಟ್. ನಾ ಹೌದಂದೇಳಿ ತಿಳ್ಕಂತೆ" ಎಂದ.

ಅವಳಲ್ಲಿದ್ದ ಒಳ್ಳೆಯ ಸೀರೆ ಒಂದೇ, ಕೆಂಪು ಕಾಟನ್‌ನದು. ಅದರ ಸೆರಗನ್ನೇ ಕತ್ತರಿಸಿ, ಬಾವುಟ ಹೊಲಿದು ಅವನ ಕೈಗಿತ್ತಳು. ಸಂಜೆ ಕೊನೆಯ ಕಂಬದಲ್ಲಿ ಅದು ಬಿಚ್ಚಿಕೊಂಡಾಗ ಯತೀಶ್ ಎರಡೂ ಕೈ ಎತ್ತಿದ. ವನಜ ಮುಖ ಮುಚ್ಚಿಕೊಂಡು ನಕ್ಕಳು.

ಕಾಟನ್ ನೆನೆದರೆ ಹಾರುವುದಿಲ್ಲ, ಕಂಬಕ್ಕೆ ಅಂಟಿಕೊಂಡುಬಿಡುತ್ತದೆ. ಮಂಡಲದಲ್ಲಿ ಇದು ಎಲ್ಲರಿಗೂ ಗೊತ್ತು, ಎಲ್ಲರಿಗಿಂತ ಚೆನ್ನಾಗಿ ವನಜಳಿಗೆ. ಆದರೆ ಆ ದಿನ ಅವಳು ಹೊಲಿದದ್ದು ಉತ್ತರವನ್ನು.

ಬೆಳಗಾಗುವಾಗ ಮಳೆ ಹಿಡಿದಿತ್ತು. ನೀರು ಕಲಸಿದ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ದಡದಲ್ಲಿ ಒಂದು ಹಕ್ಕಿಯೂ ಇರಲಿಲ್ಲ. ಕುಸುಮಾವತಕ್ಕನ ಗಂಡ ಭೋಜರಾಜನ ದೋಣಿ ಅಳಿವೆಯ ಆಚೆ ಅತ್ತ ಹೋಗಿ ಇತ್ತ ಬಂದು ಒಳಗೆ ಬರುವ ದಾರಿ ಹುಡುಕುತ್ತಿತ್ತು.

"ಅವ್ಕೆ ಕೊನಿ ಕಂಬವೇ ಕಾಂತಿಲ್ಲೆ!" ಉಮಾನಾಥಣ್ಣ ಕೂಗಿದ. "ಬಾವುಟ ಎಂತ ಆಯ್ತ್?"

ಯತೀಶ್ ಅಂಗಿ, ಮೊಬೈಲು ವನಜಳ ಕೈಗಿಟ್ಟು, ಅವಳ ಕಂಕುಳಲ್ಲಿದ್ದ ಹಳದಿ ನೈಲಾನ್ ಬಾವುಟ ಎಳೆದುಕೊಂಡ.

"ಬೇಜಾರ್ ಮಾಡ್ಕಣ್ಬೇಡ," ಅವಳಿಗಷ್ಟೇ ಕೇಳುವಂತೆ ಹೇಳಿದ. "ಅದನ್ನ್ ಬಿಚ್ಕಂಡೇ ಬತ್ತೆ. ಅದ್ ನಂದ್."

ಹೋಗಬೇಡಿ ಎನ್ನಲು ವನಜ ಬಾಯಿ ತೆರೆದಳು. ಪಕ್ಕದಲ್ಲಿ ಕುಸುಮಾವತಕ್ಕ ರೆಪ್ಪೆ ಮಿಟುಕಿಸದೆ ಗಂಡನ ದೋಣಿಯನ್ನೇ ನೋಡುತ್ತಿದ್ದಳು. ವನಜ ಅಂಗಿಯನ್ನು ಎದೆಗೊತ್ತಿಕೊಂಡು ಅವನಿಗೆ ದಾರಿ ಬಿಟ್ಟಳು.

ಅವನ ತಲೆ ಅಲೆಯ ಮೇಲೆ ಕಾಣಿಸಿತು, ಮುಳುಗಿತು, ಮತ್ತೆ ಕಾಣಿಸಿತು. ತುಂಬಾ ಹೊತ್ತಾದ ಮೇಲೆ ಕೊನೆಯ ಕಂಬದಲ್ಲಿ ಹಳದಿ ಬಾವುಟ ಪಟಪಟನೆ ಬಿಚ್ಚಿಕೊಂಡಿತು. ಕೆಂಪು ಸೆರಗು ಅಲ್ಲಿರಲಿಲ್ಲ. ದೋಣಿ ಮೂತಿ ತಿರುಗಿಸಿತು, ಕಂಬಗಳ ಗುರುತು ಹಿಡಿದು ಸೀದಾ ಒಳಗೆ ಬಂತು. ದಡವೆಲ್ಲ ಕೇಕೆ ಹಾಕಿತು.

"ನಿನ್ ಹೊಟ್ಟೆ ತಣ್ಣಗಿರ್ಲಿ ಹೆಣ್ಣೇ!" ಕುಸುಮಾವತಕ್ಕ ಅಳುತ್ತಾ ಅವಳನ್ನು ಬಾಚಿ ತಬ್ಬಿಕೊಂಡಳು.

ವನಜ ಅವಳ ಹೆಗಲ ಮೇಲಿಂದ ಕಂಬವನ್ನೇ ನೋಡುತ್ತಿದ್ದಳು. ಬಾವುಟ ಹಾರುತ್ತಿತ್ತು. ಕಂಬದ ಬುಡದಲ್ಲಿ ಯತೀಶನ ಕೈ ಏಳಲಿಲ್ಲ.

ಬಿಡಿಸಿಕೊಂಡು ನೀರಿಗಿಳಿದಳು. ಕ್ರಮ ಮೀರಿ ತಾನೇ ಮೊದಲು ಬೀಸಿದಳು, ಅವನ ಅಂಗಿಯನ್ನೇ. ಮತ್ತೆ ಮತ್ತೆ ಬೀಸಿದಳು. ಕೇಕೆ ಒಂದೊಂದಾಗಿ ನಿಂತಿತು. ಕೋಡಿಯಲ್ಲಿ ಯಾರೂ ಅದುವರೆಗೆ ಕೇಳಿರದ ದೊಡ್ಡ ದನಿಯಲ್ಲಿ ಅವಳು ಕೂಗಿದಳು:

"ಹ್ವಾಯ್! ಬನ್ನಿ... ಮನಿಗ್ ಹೋಪ."