ಬರಬೇಡ ಅಂದಿದ್ದು ಯಾಕೆಂದರೆ...

"ಬಾಯಿ ತೆಗಿ!"

ಪೋಪಿ ಬೆಚ್ಚಿ ತಲೆಯೆತ್ತಿದಳು. ಸ್ಮೋಕಿ ಬೇ ಎಂಬ ಕಡಲೂರಿನಲ್ಲಿ ಸಿಂಪಿಯ ಚಿಪ್ಪು ತೆಗೆಯುವ ಶೆಡ್ಡಿಗೆ ಅವತ್ತೇ ಕೆಲಸಕ್ಕೆ ಸೇರಿದ್ದ ಹೊಸಬ, ಆಗಷ್ಟೇ ಬಿಡಿಸಿದ ಹಸಿ ಸಿಂಪಿಯನ್ನು ಅವಳ ಮೂಗಿನ ಕೆಳಗೇ ಹಿಡಿದು ನಗುತ್ತಿದ್ದ.

"ಬೇಡ."

"ಒಂದೇ ಒಂದು!"

"ಬೇಡ ಅಂದ್ನಲ್ಲ!"

ಅವಳು ಕೈ ಬೀಸಿದ ರಭಸಕ್ಕೆ ಸಿಂಪಿ ಹಾರಿ ಅವನ ಅಂಗಿಗೆ ಬಡಿಯಿತು. ಶೆಡ್ಡಿನಲ್ಲಿದ್ದ ಹೆಂಗಸರೆಲ್ಲ ಗೊಳ್ಳೆಂದರು.

"ಅಯ್ಯೋ ಕ್ಲೆಮ್, ಅವಳಿಗೆ ಹಸೀದು ಕೊಡಬಾರದಪ್ಪಾ," ಎಂದಳು ಪೋಪಿಯ ಚಿಕ್ಕಮ್ಮ ಸ್ಟಮಾತಿಯಾ. "ಕಿಡ್ನಿ ಕಸಿ ಆಗಿ ಏಳು ವರ್ಷ ಆಯ್ತು. ಒಂದು ತಿಂದ್ರೂ ಸೋಂಕಾಗಿ ಆಸ್ಪತ್ರೆ ಸೇರಬಹುದು."

ಕ್ಲೆಮ್‌ನ ಮುಖ ಬಿಳುಚಿಕೊಂಡಿತು. ಪೋರ್ಟ್ ಲಿಂಕನ್ನಿನಲ್ಲಿ ಇಪ್ಪತ್ತು ವರ್ಷ ಮೀನಿನ ದೋಣಿ ನಡೆಸಿದ ಆಳು, ಬೈಸಿಕೊಂಡ ಹುಡುಗನ ಹಾಗೆ ನಿಂತುಬಿಟ್ಟ.

ಮರುದಿನ ಊಟದ ಹೊತ್ತಿಗೆ ಅವಳ ಪಕ್ಕ ಒಂದು ಡಬ್ಬಿ ಇಟ್ಟ. ಕರಿದ ಮೀನು.

"ಎರಡು ಸಲ ಕರಿದಿದೀನಿ. ಚಪ್ಪಲಿ ಥರ ಆಗಿದೆ. ಆದ್ರೆ ನಿನಗೇನೂ ಆಗಲ್ಲ."

ಪೋಪಿಗೆ ನಗು ತಡೆಯಲಾಗಲಿಲ್ಲ.

ಚಳಿಗಾಲ ಕಳೆಯುವಷ್ಟರಲ್ಲಿ ಅವರಿಬ್ಬರ ವಿಷಯ ಊರಿಗೆಲ್ಲ ಗೊತ್ತಿತ್ತು. ಒಂದು ಸಂಜೆ ಕ್ಲೆಮ್ ಕೇಳಿಯೇಬಿಟ್ಟ, "ನಿನ್ನ ಮನೆಗೇ ಬಂದ್ಬಿಡ್ಲಾ?"

"ಯೋಚನೆ ಮಾಡ್ತೀನಿ," ಎಂದಳು. ಮನಸ್ಸು ಮಾತ್ರ ಆಗಲೇ ಹೂಂ ಅಂದಾಗಿತ್ತು!

ಅದೇ ವಾರ ಕ್ಲಿನಿಕ್ಕಿನಿಂದ ಫೋನ್ ಬಂತು. ಮೂರು ವರ್ಷಕ್ಕೊಮ್ಮೆ ಮಾಡಿಸುವ ಗರ್ಭಕೊರಳಿನ ಪರೀಕ್ಷೆಯಲ್ಲಿ ಎಚ್‌ಪಿವಿ ವೈರಸ್ ಕಂಡಿದೆ. ಮುಂದೆ ಕ್ಯಾನ್ಸರ್ ತರಬಲ್ಲ ಬಗೆ. ಅಡಿಲೇಡಿನಲ್ಲಿ ತೋರಿಸಬೇಕು.

"ಇದು... ಹೇಗೆ ಬರುತ್ತೆ?"

"ಹೆಚ್ಚಾಗಿ ಸಂಗಾತಿಯಿಂದ," ಎಂದಳು ನರ್ಸ್ ಮೆಲ್ಲಗೆ.

ಪೋಪಿಯ ಕಿವಿ ಬಿಸಿಯಾಯಿತು. 'ಅವನಿಗೆ ಯಾವ ಬಾಯಲ್ಲಿ ಹೇಳಲಿ? ಏನಂದುಕೊಳ್ತಾನೆ? ಅವನಿಗೂ ಅಂಟಿಸಿಬಿಟ್ಟೆನಾ...?'

ಆ ಸಂಜೆ ಅವನು ಬಂದಾಗ ಬಾಗಿಲಲ್ಲೇ ತಡೆದಳು.

"ಇನ್ಮೇಲೆ ಬರಬೇಡ ಕ್ಲೆಮ್."

"ಯಾಕೆ? ನಾನೇನು ಮಾಡಿದೆ?"

"ಏನೂ ಮಾಡಿಲ್ಲ. ಕೇಳಬೇಡ... ಹೋಗು."

ಅವನು ಮತ್ತೆ ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದಳೇನೋ.

ಅಡಿಲೇಡಿನ ಡಾಕ್ಟರಮ್ಮ ನಿಧಾನಸ್ಥೆ. ಪರೀಕ್ಷೆಗೆಂದು ಗರ್ಭಕೊರಳಿನ ಒಂದು ಚೂರು ತೆಗೆದು, ಪೋಪಿ ಎದ್ದು ಕೂತ ಮೇಲೆ ತಾವೂ ಎದುರಿಗೆ ಕೂತರು.

"ಹಳೇ ಗಂಡನಿಂದ ಬಂದಿರಬಹುದು, ಈಗಿನವರಿಂದಲೂ ಬಂದಿರಬಹುದು. ಯಾರಿಂದ ಅಂತ ಹೇಳಕ್ಕಾಗಲ್ಲ. ವರ್ಷಗಟ್ಟಲೆ ಸುಮ್ಮನಿದ್ದು ಆಮೇಲೆ ಕಾಣಿಸ್ಕೊಳ್ಳುತ್ತೆ. ಎಷ್ಟೋ ಜನಕ್ಕೆ ಬರುತ್ತೆ, ತಾನಾಗೇ ಹೋಗುತ್ತೆ. ನೀವು ಕಿಡ್ನಿ ಉಳಿಸ್ಕೊಳ್ಳೋಕೆ ತಗೊಳ್ಳೋ ಮಾತ್ರೆ ಮೈಯ ಕಾವಲನ್ನ ತಗ್ಗಿಸಿರುತ್ತಲ್ಲ, ಅದಕ್ಕೇ ನಿಮ್ಮಲ್ಲಿ ಹೋಗದೆ ಉಳಿದಿರಬಹುದು. ಇದ್ರಲ್ಲಿ ನಾಚಿಕೆಪಡೋದು ಏನಿದೆ, ಹೇಳಿ?"

ಎರಡು ವಾರದ ಮೇಲೆ ಫಲಿತಾಂಶ ಬಂತು. ಕ್ಯಾನ್ಸರ್ ಅಲ್ಲ. ಆದರೆ ಜೀವಕೋಶಗಳು ಕೆಟ್ಟಿವೆ, ಆ ಭಾಗ ತೆಗೆಯಬೇಕು.

ಅವತ್ತೇ ಚಿಕ್ಕಮ್ಮ ಬಂದು ಗದರಿದಳು. "ಕ್ಲೆಮ್ ಕೆಲಸ ಬಿಟ್ಟು ಹೊರಟಿದಾನೆ, ಗೊತ್ತೇನೇ? ನೀನು ಅಡಿಲೇಡಿಗೆ ಹೋಗಿದ್ದು ನಿಕೋಸ್ ಹತ್ರ ಅಂದ್ಕೊಂಡಿದಾನೆ!"

ನಿಕೋಸ್... ಹನ್ನೊಂದು ವರ್ಷದ ಹಿಂದೆ ಅವಳನ್ನು ಬಿಟ್ಟು ಅಡಿಲೇಡಿಗೆ ಹೋದ ಗಂಡ! ಪೋಪಿ ಏಪ್ರನ್ ಕೂಡ ಬಿಚ್ಚದೆ ಕಡಲ ದಡಕ್ಕೆ ಓಡಿದಳು.

ಕ್ಲೆಮ್ ದೋಣಿ ತೊಳೆಯುತ್ತಿದ್ದ. ತಿರುಗಿ ನೋಡಲಿಲ್ಲ.

"ನಾನು ನಿಕೋಸ್ ಹತ್ರ ಹೋಗಿರಲಿಲ್ಲ. ಆಸ್ಪತ್ರೆಗೆ ಹೋಗಿದ್ದೆ."

ಪೈಪು ಅವನ ಕೈಯಿಂದ ಜಾರಿತು. "ಕಿಡ್ನಿಗೇನಾಯ್ತು?"

"ಕಿಡ್ನಿಗಲ್ಲ..." ಒಂದೇ ಉಸಿರಿಗೆ ಎಲ್ಲ ಹೇಳಿದಳು. ಹೇಳುವಾಗ ಅವನ ಮುಖ ನೋಡಲು ಧೈರ್ಯವಾಗಲಿಲ್ಲ. ಮರಳಿನ ಮೇಲೆ ಹರಿಯುವ ನೀರನ್ನೇ ನೋಡಿದಳು.

ಕ್ಲೆಮ್ ನಲ್ಲಿ ತಿರುಗಿಸಿ ನೀರು ನಿಲ್ಲಿಸಿದ.

"ಅವನಿಂದ ಬಂದಿದ್ದಾ?"

"ಗೊತ್ತಾಗಲ್ಲವಂತೆ. ನಿನ್ನಿಂದಲೂ ಇರಬಹುದು."

"ನನ್ನಿಂದ..." ಅವನು ದೋಣಿಯ ಅಂಚಿನ ಮೇಲೆ ಕುಸಿದು ಕೂತ. ಸಿಟ್ಟಾಗುತ್ತಾನೆಂದುಕೊಂಡಿದ್ದಳು. ಅವನ ಕಣ್ಣು ತುಂಬಿತ್ತು. "ಹಾಗಿದ್ರೆ ಒಬ್ಬಳೇ ಯಾಕೆ ಹೋದೆ ಪೋಪಿ? ನನ್ನದೂ ಆಗಿರಬಹುದಾದದ್ದನ್ನ ನೀನೊಬ್ಬಳೇ ಯಾಕೆ ಹೊತ್ಕೊಂಡೆ?"

ಪೋಪಿ ಅವನ ಪಕ್ಕ ಹೋಗಿ ಕೂತಳು.

ಮುಂದಿನ ತಿಂಗಳು ಕ್ಲೆಮ್ ತಾನೇ ಕಾರು ನಡೆಸಿಕೊಂಡು ಅವಳನ್ನು ಅಡಿಲೇಡಿಗೆ ಕರೆದೊಯ್ದ. ಚಿಕಿತ್ಸೆ ಸುಸೂತ್ರವಾಗಿ ಮುಗಿಯಿತು. ಕೆಟ್ಟ ಭಾಗವೆಲ್ಲ ಹೊರಬಂದಿರುವಂತೆ ಕಾಣುತ್ತದೆ ಎಂದರು ಡಾಕ್ಟರಮ್ಮ. ಆದರೂ ವರ್ಷ ವರ್ಷವೂ ಬಂದು ತೋರಿಸಬೇಕು.

ಕಾರಿನಲ್ಲಿ ಕೂತ ಮೇಲೆ ಪೋಪಿ ಮೆಲ್ಲಗೆ ಎಂದಳು, "ಇದು ಮುಗಿಯೋ ಕಥೆ ಅಲ್ಲ ಕ್ಲೆಮ್. ಮಾತ್ರೆ ಇರೋ ತನಕ ಇದೂ ಇರುತ್ತೆ. ಇನ್ನೊಂದ್ಸಲ ಯೋಚನೆ ಮಾಡು."

"ಹೋಗೋಕೆ ಒಂಬತ್ತು ಗಂಟೆ, ಬರೋಕೆ ಒಂಬತ್ತು ಗಂಟೆ. ವರ್ಷಕ್ಕೊಂದ್ಸಲ ಹದಿನೆಂಟು ಗಂಟೆ ನೀನು ನನ್ನ ಪಕ್ಕದಿಂದ ಎದ್ದು ಹೋಗೋ ಹಾಗಿಲ್ಲ! ಇದಕ್ಕಿಂತ ಇನ್ನೇನು ಬೇಕು ನನಗೆ?"

"ದಾರಿಯುದ್ದ ಹಾಡ್ತೀಯಲ್ಲ, ಅದನ್ನ ಯಾರು ಕೇಳೋದು?"

"ಹಾಡಲ್ಲ ಬಿಡು."

ಪೋಪಿ ಅವನ ಭುಜಕ್ಕೆ ತಲೆಯಿಟ್ಟು ಕಣ್ಣು ಮುಚ್ಚಿದಳು.

"ಹಾಡು, ಪರವಾಗಿಲ್ಲ... ಮೆಲ್ಲಗೆ."