ಎರಡನೆಯ ಮೈಕು

ಫಿಲಡೆಲ್ಫಿಯಾದ ನಮ್ಮ ಸ್ಟುಡಿಯೋಗೆ ಲೂಷಿಯಸ್ ಟಾರ್ವರ್ ತಮ್ಮ ಕೊನೆಯ ಆಲ್ಬಮ್ಮಿಗೆ ಸ್ಯಾಕ್ಸೊಫೋನ್ ನುಡಿಸಲು ಬಂದಾಗ ಅವರಿಗೆ ಎಪ್ಪತ್ತೊಂಬತ್ತು ವರ್ಷ, ಉಳಿದಿದ್ದದ್ದು ಒಂದೇ ಶ್ವಾಸಕೋಶ. ಧ್ವನಿಮುದ್ರಣ ನನ್ನ ಕೆಲಸ. ಇನ್ನೊಂದೇ ಹಾಡು ಬಾಕಿಯಿತ್ತು. ಅದಾಗದಿದ್ದರೆ ಆಲ್ಬಮ್ ಹೊರಬರುವಂತಿರಲಿಲ್ಲ.

ಆ ಹಾಡನ್ನು ಅವರು ಹಿಂದೆಲ್ಲ ಗೆಳೆಯ ಎಲ್ವುಡ್ ಜೊತೆ ನುಡಿಸುತ್ತಿದ್ದರು; ಅವನದೂ ಸ್ಯಾಕ್ಸೊಫೋನೇ. ನಾಲ್ಕು ಆವರ್ತ ಇವರು, ನಾಲ್ಕು ಆವರ್ತ ಅವನು. ಎಲ್ವುಡ್ ಸತ್ತು ಆರು ವರ್ಷವಾಗಿತ್ತು.

"ಇನ್ನೊಂದು ಮೈಕು ಇಡು," ಎಂದರು ಲೂಷಿಯಸ್.

"ಯಾರಿಗೆ, ದೊಡ್ಡಪ್ಪಾ?"

ಡ್ರಮ್ ಬಾರಿಸುವ ಹಾಲಿಸ್ ನಕ್ಕ. "ಇಟ್ಬಿಡು ಮಾರಾಯ. ಎಲ್ವುಡ್ ಯಾವತ್ತು ಹೊತ್ತಿಗೆ ಸರಿಯಾಗಿ ಬಂದಿದ್ದ?"

ಹಾಡು ಒಂದೇ ಸಲಕ್ಕೆ ಮುಗಿಯಿತು. ಲೂಷಿಯಸ್ ನಾಲ್ಕು ಆವರ್ತ ನುಡಿಸಿ, ಸ್ಯಾಕ್ಸೊಫೋನನ್ನು ತೊಡೆಯ ಮೇಲಿಟ್ಟು ಏದುಸಿರು ಬಿಡುತ್ತಿದ್ದರು. ಆಗ ನನ್ನ ಹೆಡ್‌ಫೋನಿನಲ್ಲಿ ಬರೀ ಡ್ರಮ್ಮು. ಮತ್ತೆ ನಾಲ್ಕು ಆವರ್ತ. ಒಂಬತ್ತು ನಿಮಿಷ ಹೀಗೇ ನಡೆಯಿತು. ಗಾಜಿನಾಚೆಯಿಂದ ನಾನು ಕಣ್ಣು ಕೀಳಲಿಲ್ಲ.

ಆಮೇಲೆ ಮೈಕುಗಳನ್ನು ಬಿಚ್ಚುವಾಗ ಎರಡನೆಯದರ ಜಾಲರಿ ಬೆಚ್ಚಗೆ, ಒದ್ದೆಯಾಗಿತ್ತು.

"ನಡುನಡುವೆ ಖಾಲಿ ಬಿಟ್ಟಿದ್ದನ್ನ ಕತ್ತರಿಸಲಾ?" ಎಂದೆ.

"ಅವನ ಪಾಲಿಗೆ ಕೈ ಹಾಕ್ಬೇಡ ಮಗಾ," ಎಂದರು. "ಅವನು ನುಡಿಸ್ತಿದ್ದಕ್ಕೇ ನಂಗೆ ಉಸಿರು ತಗೊಳ್ಳೋಕಾಯ್ತು."

ಸಂಜೆ ಆ ಮುದ್ರಣವನ್ನು ಮೊದಲ ಸಲ ಹಾಕಿ ಕೇಳಿದೆ. ಈ ಹನ್ನೊಂದು ವರ್ಷಗಳಲ್ಲಿ ಮತ್ತೆ ಮತ್ತೆ ಕೇಳಿದ್ದೇನೆ. ಒಂಬತ್ತು ನಿಮಿಷದಲ್ಲಿ ಒಮ್ಮೆಯೂ ಸ್ಯಾಕ್ಸೊಫೋನ್ ನಿಲ್ಲುವುದಿಲ್ಲ.